ಬೀಳುತ್ತದೆ ಅಂತ ಗೊತ್ತಿದ್ದರೂ ನೋಡಲೇಬೇಕಿತ್ತು

ಹೈಡ್ರೋಜನ್ನಿನ ವಿದ್ಯುದಂಶಗಳನ್ನೆಲ್ಲ ಉಲ್ಟಾ ಮಾಡಿದಂಥ ಆ್ಯಂಟಿಹೈಡ್ರೋಜನ್ನಿನ ಒಂದು ಪರಮಾಣುವನ್ನು ಹಿಡಿದು, ಹಾಗೇ ಬಿಟ್ಟುಬಿಟ್ಟರೆ ಅದು ಕೆಳಗೆ ಬೀಳುತ್ತದಾ, ಮೇಲೆ ಹೋಗುತ್ತದಾ?

2023ರ ಸೆಪ್ಟೆಂಬರ್‌ವರೆಗೆ ಈ ಪ್ರಶ್ನೆಗೆ ನೋಡಿ ಉತ್ತರ ಹೇಳಿದವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಲೆಕ್ಕ ಹಾಕಿ ಹೇಳಿದವರು ಬೇಕಾದಷ್ಟು ಜನ. ಐನ್‌ಸ್ಟೈನರ ಗುರುತ್ವ ಸಿದ್ಧಾಂತದ ಪ್ರಕಾರ ಅದು ಕೆಳಗೇ ಬೀಳಬೇಕು. ಆದರೆ ಬಿಟ್ಟು ನೋಡಿದವರು ಮಾತ್ರ ಇರಲಿಲ್ಲ. ಆ ತಿಂಗಳು ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದ ಆಲ್ಫಾ ತಂಡ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿತು. ಕೆಳಗೆ ಬೀಳುತ್ತದೆ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವನು. ಈ ಸುದ್ದಿಯನ್ನು ಕ್ಲಾಸಿನಲ್ಲಿ ಖುಷಿಯಿಂದ ಹೇಳಿದಾಗ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಬೀಳದೆ ಇನ್ನೇನಾಗುತ್ತೆ ಸರ್? ಇಷ್ಟು ಹೇಳೋಕೆ ಅಷ್ಟು ವರ್ಷ ಬೇಕಿತ್ತಾ?’ ಒಳ್ಳೆಯ ಪ್ರಶ್ನೆ. ಒಂದು ಪೀರಿಯಡ್ಡಿನಲ್ಲಿ ಮುಗಿಯುವ ಉತ್ತರ ಅಲ್ಲ ಅದು. ಅವಳಿಗೆ ಹೇಳಿ ಮುಗಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1928ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಎಲೆಕ್ಟ್ರಾನಿಗೆ ಒಂದು ಸಮೀಕರಣ ಬರೆದರು. ಬಿಡಿಸಿದರೆ ಅದರಲ್ಲಿ ಎರಡು ಬಗೆಯ ಉತ್ತರ ಬರುತ್ತಿತ್ತು. ಒಂದು ನಮಗೆಲ್ಲ ಗೊತ್ತಿರುವ ಎಲೆಕ್ಟ್ರಾನ್. ಇನ್ನೊಂದು ಏನು ಅಂತ ಅವರಿಗೂ ಕೂಡಲೇ ಹೊಳೆಯಲಿಲ್ಲ. 1931ರಲ್ಲಿ ಅವರು, ಎಲೆಕ್ಟ್ರಾನಿನಷ್ಟೇ ರಾಶಿಯ, ಆದರೆ ಧನ ವಿದ್ಯುದಂಶದ ಕಣ ಒಂದು ಇರಬೇಕು ಎಂದರು. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಕಂಡರು. ಆಕಾಶದಿಂದ ಹಗಲು ರಾತ್ರಿ ಸುರಿಯುವ ಕಾಸ್ಮಿಕ್ ಕಿರಣಗಳು ಆವಿ ತುಂಬಿದ ಅವರ ಕ್ಲೌಡ್ ಚೇಂಬರಿನಲ್ಲಿ ಗೆರೆ ಎಳೆದು ಹೋಗುತ್ತಿದ್ದವು. ಕಾಂತಕ್ಷೇತ್ರದೊಳಗೆ ಒಂದು ಗೆರೆ ಎಲೆಕ್ಟ್ರಾನಿಗೆ ಉಲ್ಟಾ ಬಾಗಿತ್ತು. ನಡುವೆ ಒಂದು ಸೀಸದ ತಗಡು ಇಟ್ಟಿದ್ದರು. ಅದನ್ನು ದಾಟಿದ ಮೇಲೆ ಕಣದ ಶಕ್ತಿ ಕುಗ್ಗಿ ಬಾಗು ಜಾಸ್ತಿಯಾಗಿತ್ತು. ಹಾಗಾಗಿ ಅದು ಯಾವ ಕಡೆಯಿಂದ ಬಂತು ಅನ್ನುವುದರಲ್ಲೂ ಅನುಮಾನ ಉಳಿಯಲಿಲ್ಲ. ಅದೇ ಪಾಸಿಟ್ರಾನ್. ಇಂಥ ಉಲ್ಟಾ ಜೋಡಿ ಕಣಗಳಿಂದಾದದ್ದಕ್ಕೆ ಪ್ರತಿದ್ರವ್ಯ ಅಂತ ಹೆಸರು. ಈ ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಒಂದಕ್ಕೊಂದು ಎದುರಾದರೆ ಹೇಗೆ ಚದುರುತ್ತವೆ ಎಂದು ಕೆಲವೇ ವರ್ಷಗಳಲ್ಲಿ ಲೆಕ್ಕ ಮಾಡಿಟ್ಟವರು ಕೇಂಬ್ರಿಡ್ಜಿನಲ್ಲಿದ್ದ ನಮ್ಮ ಹೋಮಿ ಭಾಭಾ. ಇವತ್ತಿಗೂ ಅದಕ್ಕೆ ಭಾಭಾ ಸ್ಕ್ಯಾಟರಿಂಗ್ ಅಂತಲೇ ಹೆಸರು. ಎರಡನೇ ಮಹಾಯುದ್ಧ ಶುರುವಾಗಿ ವಾಪಸ್ ಹೋಗಲು ಆಗದೆ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಉಳಿದರು. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದರು.

ಪಾಸಿಟ್ರಾನ್ ನಮ್ಮಿಂದ ಏನೂ ದೂರ ಇಲ್ಲ. ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ. ಅದು ಅಪರೂಪಕ್ಕೆ ಒಮ್ಮೆ ಪಾಸಿಟ್ರಾನ್ ಉಗುಳುತ್ತದೆ. ನಮ್ಮ ಚಿಕ್ಕಪ್ಪನಿಗೆ ಪೆಟ್ ಸ್ಕ್ಯಾನ್ ಮಾಡಿಸಲು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಇಂಜೆಕ್ಷನ್ ಕೊಟ್ಟು, ನೀರಿನ ಬಾಟಲಿ ಕೈಗಿತ್ತು, ಒಂದು ಗಂಟೆ ಅಲ್ಲಾಡದೆ ಕೂರಿ ಅಂದರು. ಸ್ಕ್ಯಾನ್ ಆಗಿ ಮನೆಗೆ ಹೋದ ಮೇಲೂ ಇವತ್ತೊಂದಿನ ಮಕ್ಕಳನ್ನು ಎತ್ತಿಕೊಳ್ಳಬೇಡಿ ಅಂದರು. ‘ಅದೇನೋ ಅದು, ಸಕ್ಕರೆ ಅಂದ್ರಲ್ಲೋ ಆ ನರ್ಸಮ್ಮ?’ ಅಂತ ಚಿಕ್ಕಪ್ಪ ಕೇಳಿದರು. ಸಕ್ಕರೆಯ ಹಾಗಿರುವುದೇ, ಅದರ ಬೆನ್ನಿಗೆ ಫ್ಲೋರಿನ್-18 ಕಟ್ಟಿ ಬಿಟ್ಟಿದ್ದಾರೆ ಅಂದೆ. ಅದರಿಂದ ಹೊರಬಿದ್ದ ಪಾಸಿಟ್ರಾನ್ ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಮೈಯೊಳಗಿನ ಎಲೆಕ್ಟ್ರಾನಿಗೆ ಸಿಕ್ಕಿ, ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಯಂತ್ರ ಆ ಜೋಡಿಗಳನ್ನು ಹಿಡಿದು ಚಿತ್ರ ಮಾಡುತ್ತದೆ. ‘ಹಾಗಾದ್ರೆ ನನ್ನೊಳಗೇ ನಡೀತಿದೆಯಾ ಇದೆಲ್ಲ?’ ಅಂತ ಅವರು ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

ಹೀಗೆ ಪಾಸಿಟ್ರಾನ್ ಆಸ್ಪತ್ರೆಗೆ ಬಂದು ಎಷ್ಟೋ ಕಾಲವಾಯಿತು. ಆಸ್ಪತ್ರೆಯ ಪಾಸಿಟ್ರಾನ್ ಹುಟ್ಟಿದ ಕೂಡಲೇ ಸಾಯುತ್ತದೆ, ಸಾಯುವುದೇ ಅದರ ಕೆಲಸ. ಪರಮಾಣು ಬೇಕು ಅಂದರೆ ಕಥೆ ಬೇರೆ. ಆ್ಯಂಟಿಹೈಡ್ರೋಜನ್ ಅಂದರೆ ಒಂದು ಆ್ಯಂಟಿಪ್ರೋಟಾನ್ (ಪ್ರೋಟಾನಿನ ಋಣ ವಿದ್ಯುದಂಶದ ಜೋಡಿ), ಅದರ ಸುತ್ತ ಒಂದು ಪಾಸಿಟ್ರಾನ್. ಆ್ಯಂಟಿಪ್ರೋಟಾನ್ ಸಿಕ್ಕಿದ್ದು 1955ರಲ್ಲಿ, ಬರ್ಕ್ಲಿಯಲ್ಲಿ. ಅಲ್ಲಿಂದ 40 ವರ್ಷ ಬೇಕಾಯಿತು ಎರಡನ್ನೂ ಸೇರಿಸಲು. 1995ರಲ್ಲಿ ಸರ್ನ್‌ನಲ್ಲಿ ವಾಲ್ಟರ್ ಓಲರ್ಟ್ ಅವರ ತಂಡ ಸುತ್ತುತ್ತಿದ್ದ ಆ್ಯಂಟಿಪ್ರೋಟಾನುಗಳ ದಾರಿಗೆ ಕ್ಸೆನಾನ್ ಅನಿಲ ಹಾಯಿಸಿ 9 ಆ್ಯಂಟಿಹೈಡ್ರೋಜನ್ ಪರಮಾಣುಗಳನ್ನು ಪಡೆಯಿತು. ಬರೀ 9. ಅವೂ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹತ್ತು ಮೀಟರ್ ಓಡಿ, ಸುಮಾರು 40 ನ್ಯಾನೊಸೆಕೆಂಡಿನಲ್ಲಿ ಮುಗಿದುಹೋದವು. ಇವೆ ಅಂತ ಗೊತ್ತಾಯಿತು ಅಷ್ಟೆ. ಹೇಗಿವೆ ಅಂತ ನೋಡಲು ಪುರುಸೊತ್ತೇ ಇರಲಿಲ್ಲ.

ನೋಡುವುದು ಯಾಕೆ ಬೇಕು? ಹುಡುಗಿಯ ಪ್ರಶ್ನೆ ಅದೇ. ಸಿದ್ಧಾಂತ ಹೇಳುತ್ತಲ್ಲ, ಹೈಡ್ರೋಜನ್ ಹೇಗೋ ಇದೂ ಹಾಗೇ ಅಂತ.

ಭೌತಶಾಸ್ತ್ರದಲ್ಲಿ ‘ಗೊತ್ತೇ ಇದೆ’ ಅಂದವರು ಪೆಟ್ಟು ತಿಂದ ಕಥೆ ಇಲ್ಲಿ ಹೇಳಲೇಬೇಕು. ಕನ್ನಡಿಯಲ್ಲಿ ಕಾಣುವ ಜಗತ್ತಿಗೂ ನಮ್ಮ ಜಗತ್ತಿಗೂ ನಿಯಮಗಳು ಒಂದೇ ಎಂದು 1956ರವರೆಗೆ ಎಲ್ಲರೂ ನಂಬಿದ್ದರು. ಲೀ ಮತ್ತು ಯಾಂಗ್ ಎಂಬ ಇಬ್ಬರು, ಕೆಲವು ವಿಕಿರಣ ಕ್ರಿಯೆಗಳಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಎಂದು ತೋರಿಸಿಕೊಟ್ಟರು. ವೂಲ್ಫ್‌ಗ್ಯಾಂಗ್ ಪೌಲಿಯಂಥ ದೊಡ್ಡವರಿಗೆ ಪರೀಕ್ಷೆಯ ಫಲ ಏನು ಬರುತ್ತದೆ ಅನ್ನುವುದರಲ್ಲಿ ಸಂದೇಹವೇ ಇರಲಿಲ್ಲ. ಚಿಯನ್-ಶಿಯುಂಗ್ ವೂ ಕೋಬಾಲ್ಟ್-60 ಅನ್ನು ವಿಪರೀತ ತಣಿಸಿ, ಕಾಂತಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ನಿಲ್ಲಿಸಿ ನೋಡಿದರು. ಎಲೆಕ್ಟ್ರಾನುಗಳು ಒಂದು ಕಡೆಗೇ ಜಾಸ್ತಿ ಹೊರಟಿದ್ದವು. ಕನ್ನಡಿಯ ನಿಯಮ ಮುರಿಯಿತು. ಸರಿ, ಕನ್ನಡಿಯ ಜೊತೆಗೆ ದ್ರವ್ಯದ ಜಾಗದಲ್ಲಿ ಪ್ರತಿದ್ರವ್ಯವನ್ನೂ ಇಟ್ಟರೆ ಸರಿಹೋಗುತ್ತದೆ ಅಂದುಕೊಂಡರು. 1964ರಲ್ಲಿ ಕ್ರೋನಿನ್ ಮತ್ತು ಫಿಚ್ ಕೇಯಾನ್ ಕಣಗಳಲ್ಲಿ ಅದೂ ಪೂರ್ತಿ ನಿಜವಲ್ಲ ಎಂದು ಕಂಡರು. ಈಗ ಉಳಿದಿರುವುದು ಒಂದೇ. ಕನ್ನಡಿ, ಪ್ರತಿದ್ರವ್ಯ, ಕಾಲದ ದಿಕ್ಕು ಮೂರನ್ನೂ ಒಟ್ಟಿಗೆ ತಿರುಗಿಸಿದರೆ ನಿಯಮ ಬದಲಾಗುವುದಿಲ್ಲ ಎಂಬ ಸಿಪಿಟಿ ಪ್ರಮೇಯ. ಆ್ಯಂಟಿಹೈಡ್ರೋಜನ್ನಿನ ಬಣ್ಣ, ಅಂದರೆ ಅದು ಹೀರುವ ಬೆಳಕಿನ ಬಣ್ಣ, ಹೈಡ್ರೋಜನ್ನಿನ ಬಣ್ಣಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆಯಾದರೂ ಅದು ಬಿದ್ದುಹೋಗುತ್ತದೆ. ಎರಡು ಬಾರಿ ಎಡವಿದ ಮೇಲೆ ಮೂರನೆಯದನ್ನು ನೋಡದೆ ನಂಬುವುದು ಹೇಗೆ?

ಇನ್ನೊಂದು ಕಾರಣವೂ ಇದೆ, ಅದು ಇನ್ನೂ ದೊಡ್ಡದು. ಶಕ್ತಿಯಿಂದ ಕಣಗಳು ಹುಟ್ಟುವಾಗ ದ್ರವ್ಯ, ಪ್ರತಿದ್ರವ್ಯ ಜೋಡಿಯಾಗಿಯೇ ಹುಟ್ಟುತ್ತವೆ. ಬ್ರಹ್ಮಾಂಡದ ಆರಂಭದಲ್ಲೂ ಹಾಗೇ ಆಗಿದ್ದರೆ ಎರಡೂ ಒಂದನ್ನೊಂದು ಅಳಿಸಿಕೊಂಡು ಬರೀ ಬೆಳಕು ಉಳಿಯಬೇಕಿತ್ತು. ಆದರೆ ಸರಿಸುಮಾರು 100 ಕೋಟಿ ಜೋಡಿಗೆ ಒಂದು ದ್ರವ್ಯ ಕಣ ಹೆಚ್ಚುವರಿಯಾಗಿ ಉಳಿಯಿತು. ಆ ಉಳಿಕೆಯೇ ನಕ್ಷತ್ರ, ಕಾವೇರಿ, ನಾನು, ನೀವು. ಅದು ಯಾಕೆ ಉಳಿಯಿತು? 1967ರಲ್ಲಿ ಆಂಡ್ರೇ ಸಖರೋವ್ ಇದಕ್ಕೆ ಬೇಕಾದ ಷರತ್ತುಗಳನ್ನು ಹೇಳಿದರು. ಅವುಗಳಲ್ಲೊಂದು, ಪ್ರೋಟಾನಿನಂಥ ಕಣಗಳ ಒಟ್ಟು ಲೆಕ್ಕ ಎಂದಾದರೂ ತಪ್ಪುವಂತಿರಬೇಕು ಅನ್ನುವುದು. ಪ್ರೋಟಾನ್ ತಾನಾಗಿ ಸಾಯುವುದುಂಟಾ ಎಂದು ನೋಡಲು 1980ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಕಬ್ಬಿಣದ ಫಲಕಗಳ ನಡುವೆ ಕಣಪತ್ತೆ ನಳಿಗೆಗಳನ್ನು ಜೋಡಿಸಿ ವರ್ಷಗಟ್ಟಲೆ ಕಾದಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನವರ ಜೊತೆ ಸೇರಿ ನಡೆಸಿದ ಪ್ರಯೋಗ ಅದು. ಅನುಮಾನ ಹುಟ್ಟಿಸುವ ಕೆಲವು ಗುರುತುಗಳು ಸಿಕ್ಕವು. ಆಮೇಲಿನ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಪ್ರೋಟಾನಿನ ಸಾವು ಕಾಣಲಿಲ್ಲ. ಕೆಜಿಎಫ್ ಅಂದರೆ ಚಿನ್ನ ಅಂತ ಮಾತ್ರ ನೆನಪಿರುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ನಾವೆಲ್ಲ ಯಾಕೆ ಇದ್ದೇವೆ ಅನ್ನುವ ಪ್ರಶ್ನೆಯ ಒಂದು ತುದಿ ಆ ಗಣಿಯಲ್ಲಿತ್ತು. ಇನ್ನೊಂದು ತುದಿ ಇವತ್ತು ಜಿನೀವಾದ ಒಂದು ಶೆಡ್ಡಿನಲ್ಲಿದೆ.

ಆ ಶೆಡ್ಡಿನಲ್ಲಿರುವುದು ಜಗತ್ತಿನ ಬೇರೆ ವೇಗವರ್ಧಕಗಳಿಗೆ ಉಲ್ಟಾ ಕೆಲಸ ಮಾಡುವ ಯಂತ್ರ. ಅದು ಕಣಗಳ ವೇಗ ಇಳಿಸುತ್ತದೆ. ಮೊದಲು ಪ್ರೋಟಾನುಗಳನ್ನು ಇರಿಡಿಯಂ ಲೋಹಕ್ಕೆ ಬಡಿಸುತ್ತಾರೆ. ಒಂದು ಹೊಡೆತಕ್ಕೆ ಕೋಟಿ ಕೋಟಿ ಪ್ರೋಟಾನುಗಳು ಹೋಗಿ, ಕೈಗೆ ಸಿಗುವ ಆ್ಯಂಟಿಪ್ರೋಟಾನುಗಳು ಸುಮಾರು 3 ಕೋಟಿ. ಅಂದಾಜು ಹತ್ತು ಲಕ್ಷಕ್ಕೆ ಕೆಲವು ಅಷ್ಟೆ. ಅವು ಬೆಳಕಿನ ವೇಗಕ್ಕೆ ಹತ್ತಿರ ಓಡುತ್ತಿರುತ್ತವೆ. 182 ಮೀಟರ್ ಸುತ್ತಳತೆಯ ಉಂಗುರದಲ್ಲಿ ಸುತ್ತಿಸಿ ಸುತ್ತಿಸಿ ಬೆಳಕಿನ ವೇಗದ ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ. ಮೊದಲೆಲ್ಲ ಅಲ್ಲಿಂದ ಮುಂದೆ ಒಂದು ತೆಳು ಹಾಳೆಯನ್ನು ಅಡ್ಡ ಹಿಡಿದು ವೇಗ ಇಳಿಸಬೇಕಿತ್ತು. ನೂರಕ್ಕೆ 99ಕ್ಕೂ ಹೆಚ್ಚು ಅಲ್ಲೇ ಹಾಳಾಗುತ್ತಿದ್ದವು. ಈಗ ಎಲೆನಾ ಎಂಬ 30 ಮೀಟರಿನ ಚಿಕ್ಕ ಉಂಗುರ ಬಂದಿದೆ. ಅಷ್ಟು ಕಷ್ಟಪಟ್ಟು ಮಾಡಿದ್ದು ವ್ಯರ್ಥವಾಗುವುದು ಕಮ್ಮಿಯಾಗಿದೆ.

(ಪ್ರತಿದ್ರವ್ಯ ಅಂದ ಕೂಡಲೇ ಬಾಂಬಿನ ಮಾತು ಎತ್ತುವವರಿಗೆ ಒಂದು ಲೆಕ್ಕ. ಸರ್ನ್‌ನಲ್ಲಿ ಈವರೆಗೆ ಮಾಡಿದ ಪ್ರತಿದ್ರವ್ಯವನ್ನೆಲ್ಲ ಒಟ್ಟಿಗೆ ಉರಿಸಿದರೂ ಒಂದು ಬಲ್ಬು ಕೆಲವು ನಿಮಿಷ ಬೆಳಗಬಹುದು ಎಂದು ಅಲ್ಲಿಯವರೇ ಹೇಳುತ್ತಾರೆ. ಮಾಡಲು ಖರ್ಚಾಗುವ ಕರೆಂಟು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಇದು ಇಂಧನವೂ ಅಲ್ಲ, ಆಯುಧವೂ ಅಲ್ಲ.)

ಈಗ ನನಗೆ ತುಂಬ ಇಷ್ಟವಾದ ಭಾಗ. ಆ್ಯಂಟಿಪ್ರೋಟಾನಿಗೆ ವಿದ್ಯುದಂಶ ಇದೆ. ಪಾಸಿಟ್ರಾನಿಗೂ ಇದೆ, ಅದನ್ನು ಸೋಡಿಯಂ-22ರಿಂದ ತೆಗೆಯುತ್ತಾರೆ. ವಿದ್ಯುದಂಶ ಇರುವ ಕಣವನ್ನು ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡನ್ನೂ ಬಳಸಿ ಗೋಡೆಗೆ ತಗಲದಂತೆ ಗಾಳಿಯೇ ಇಲ್ಲದ ಕೊಳವೆಯಲ್ಲಿ ನಿಲ್ಲಿಸಬಹುದು. ಸರ್ನ್‌ನಲ್ಲೇ ಇರುವ ಬೇಸ್ ಎಂಬ ಇನ್ನೊಂದು ತಂಡ ಆ್ಯಂಟಿಪ್ರೋಟಾನುಗಳನ್ನು ಹೀಗೆ 405 ದಿನ ಇಟ್ಟುಕೊಂಡಿತ್ತು. ಆದರೆ ಎರಡನ್ನೂ ಬೆರೆಸಿ ಪರಮಾಣು ಆಯಿತು ಅನ್ನುವ ಕ್ಷಣಕ್ಕೇ ವಿದ್ಯುದಂಶ ಸೊನ್ನೆ. ಅಲ್ಲಿಯವರೆಗೆ ಹಿಡಿದಿಟ್ಟದ್ದು ಯಾವುದೋ, ಅದರ ಹಿಡಿತ ಆ ಕ್ಷಣಕ್ಕೇ ಹೋಗುತ್ತದೆ. ಬೇಕಾದ ವಸ್ತು ತಯಾರಾದ ಗಳಿಗೆಯಲ್ಲೇ ಕೈ ಜಾರಿ ಗೋಡೆಗೆ ಹೊಡೆದು ನಾಶ. 2002ರಲ್ಲಿ ಅಥೀನಾ ಮತ್ತು ಎಟ್ರ್ಯಾಪ್ ತಂಡಗಳು ತಣ್ಣನೆಯ ಆ್ಯಂಟಿಹೈಡ್ರೋಜನ್ ಮಾಡಿದಾಗಲೂ ಆದದ್ದು ಇದೇ. ಅಥೀನಾದವರು ಗೋಡೆಗೆ ಹೊಡೆದ ಗುರುತಿನಿಂದಲೇ ಅವು ಹುಟ್ಟಿದ್ದವು ಅಂತ ಹೇಳಬೇಕಾಯಿತು.

ಪರಮಾಣುವನ್ನು ಹಿಡಿಯಲು ಉಳಿದದ್ದು ಒಂದೇ ದಾರಿ. ವಿದ್ಯುದಂಶ ಇಲ್ಲದಿದ್ದರೂ ಅದು ಒಂದು ಪುಟಾಣಿ ಅಯಸ್ಕಾಂತ. ಬಲವಾದ ಕಾಂತಕ್ಷೇತ್ರ ಸುತ್ತಲೂ ಏರುತ್ತ ಹೋಗಿ ನಡುವೆ ಕಮ್ಮಿ ಇರುವಂತೆ ಮಾಡಿದರೆ ಪರಮಾಣು ಅದರ ತಳದಲ್ಲಿ ಬಟ್ಟಲಲ್ಲಿನ ಗೋಲಿಯಂತೆ ಆಡಿಕೊಂಡಿರುತ್ತದೆ. ಕಷ್ಟ ಏನೆಂದರೆ ಈ ಬಟ್ಟಲಿನ ಅಂಚು ಬಹಳ ತಗ್ಗು. ದ್ರವ ಹೀಲಿಯಂನಿಂದ ತಣಿಸಿದ ಅತಿವಾಹಕ ಅಯಸ್ಕಾಂತಗಳನ್ನು ಬಳಸಿದರೂ, ಸೊನ್ನೆ ಕೆಲ್ವಿನ್‌ಗಿಂತ, ಅಂದರೆ ತಣ್ಣಗಾಗಬಲ್ಲ ಕೊನೆಯ ಮಿತಿಗಿಂತ, ಅರ್ಧ ಡಿಗ್ರಿ ಮೇಲಿರುವ ಪರಮಾಣುವಿನವರೆಗೆ ಮಾತ್ರ ಹಿಡಿಯಬಹುದು. ಅದಕ್ಕಿಂತ ಸ್ವಲ್ಪ ಬಿಸಿ ಇದ್ದರೂ ಹಾರಿಹೋಗುತ್ತದೆ.

2010ರಲ್ಲಿ ಜೆಫ್ರಿ ಹ್ಯಾಂಗ್ಸ್ಟ್ ಮುಂದಾಳಾಗಿದ್ದ ಆಲ್ಫಾ ತಂಡ ಇದನ್ನು ಸಾಧಿಸಿತು. 335 ಬಾರಿ ಪ್ರಯೋಗ. ಒಂದು ಕೋಟಿಯಷ್ಟು ಆ್ಯಂಟಿಪ್ರೋಟಾನುಗಳು, 70 ಕೋಟಿಯಷ್ಟು ಪಾಸಿಟ್ರಾನುಗಳು. ಬಲೆಗೆ ಬಿದ್ದದ್ದು 38 ಪರಮಾಣುಗಳು. ಉಳಿದದ್ದು ಒಂದು ಸೆಕೆಂಡಿನ ಆರನೇ ಒಂದು ಪಾಲು ಹೊತ್ತು. ಬಿದ್ದಿದೆ ಅಂತ ತಿಳಿಯುವುದು ಹೇಗೆ? ಅಯಸ್ಕಾಂತವನ್ನು ಥಟ್ಟನೆ ಆರಿಸಿಬಿಡುತ್ತಾರೆ. ಒಳಗೆ ಏನಾದರೂ ಇದ್ದರೆ ಅದು ಗೋಡೆಗೆ ಹೋಗಿ ಒಡೆಯುತ್ತದೆ, ಪಯಾನ್ ಕಣಗಳು ಸಿಡಿಯುತ್ತವೆ. ಸುತ್ತ ಪದರ ಪದರವಾಗಿ ಇಟ್ಟ ಸಿಲಿಕಾನ್ ಪತ್ತೆಗಾರಗಳು ಅವುಗಳ ಜಾಡು ಹಿಡಿಯುತ್ತವೆ. ಜಾಡುಗಳನ್ನು ಹಿಂದಕ್ಕೆ ಎಳೆದರೆ ಎಲ್ಲಿ ಒಡೆಯಿತು ಅಂತ ಸಿಗುತ್ತದೆ. ಈ ಲೆಕ್ಕಕ್ಕೆ ಅಡ್ಡ ಬರುವುದು ಯಾವುದು ಗೊತ್ತಾ? ಆಂಡರ್ಸನ್ ಅವರಿಗೆ ಪಾಸಿಟ್ರಾನ್ ತಂದುಕೊಟ್ಟ ಅದೇ ಕಾಸ್ಮಿಕ್ ಕಿರಣಗಳು. ಅವು ಆಚೆಯಿಂದ ಈಚೆಗೆ ನೆಟ್ಟಗೆ ತೂರಿ ಹೋಗುತ್ತವೆ, ಒಡೆದ ಪರಮಾಣುವಿನ ಜಾಡುಗಳು ಒಂದೇ ಬಿಂದುವಿನಿಂದ ಕವಲೊಡೆಯುತ್ತವೆ. ಹಾಗೆ ಬೇರ್ಪಡಿಸಬೇಕು.

ಮರುವರ್ಷವೇ ಆ ಪರಮಾಣುಗಳನ್ನು 1000 ಸೆಕೆಂಡು, ಅಂದರೆ ಕಾಲು ಗಂಟೆಗೂ ಹೆಚ್ಚು ಹೊತ್ತು ಇಟ್ಟುಕೊಂಡರು. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ತಿರುವು ಅನ್ನಿಸುತ್ತದೆ. ಕಾಲು ಗಂಟೆ ಸಿಕ್ಕರೆ ಒಂದು ವಸ್ತುವನ್ನು ಪ್ರಶ್ನೆ ಕೇಳಬಹುದು.

ಕೇಳಿದ ಪ್ರಶ್ನೆ, ನಿನ್ನ ಬಣ್ಣ ಯಾವುದು ಅಂತ. ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನ್ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರಲು ಎಷ್ಟು ಕಂಪನಾಂಕದ ಬೆಳಕು ಬೇಕು ಅನ್ನುವುದನ್ನು ಮನುಷ್ಯ 15 ಅಂಕಿಗಳವರೆಗೆ ಅಳೆದಿದ್ದಾನೆ. 2016ರಲ್ಲಿ ಆಲ್ಫಾದವರು 243 ನ್ಯಾನೊಮೀಟರಿನ ಲೇಸರ್ ಹಾಯಿಸಿ ಆ್ಯಂಟಿಹೈಡ್ರೋಜನ್ನಿನಲ್ಲೂ ಅದೇ ಜಿಗಿತವನ್ನು ಕಂಡರು. 2018ರ ಹೊತ್ತಿಗೆ ಲಕ್ಷ ಕೋಟಿಗೆ 2ರಷ್ಟು ನಿಖರತೆಯಲ್ಲಿ ಅಳೆದರು. ಹೈಡ್ರೋಜನ್ ಜೊತೆ ಸರಿಯಾಗಿ ಕೂಡಿತು. 2021ರಲ್ಲಿ ಆ್ಯಂಟಿಹೈಡ್ರೋಜನ್ನನ್ನೇ ಲೇಸರಿನಿಂದ ತಣಿಸಿದರು.

ಇನ್ನು ಬೀಳಿಸುವ ವಿಷಯ. ಕೈಯಲ್ಲಿದ್ದ ಕಲ್ಲು ಬಿಟ್ಟ ಹಾಗೆ ಬಿಡಲು ಆಗುವುದಿಲ್ಲ. ಅರ್ಧ ಕೆಲ್ವಿನ್ ತಣ್ಣಗಿದ್ದರೂ ಆ ಪರಮಾಣು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತದೆ. ಅದರ ಮುಂದೆ ಭೂಮಿಯ ಎಳೆತ ಬಲು ಸಣ್ಣದು. 2013ರಲ್ಲಿ ಹಳೆಯ ಪ್ರಯೋಗದ ಮಾಹಿತಿಯನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡಿದ್ದರು. ಕೆಳಗೆ ಬೀಳುವುದಾದರೆ ಮಾಮೂಲಿಗಿಂತ 110 ಪಟ್ಟಿಗಿಂತ ಜಾಸ್ತಿ ಎಳೆತ ಇಲ್ಲ, ಮೇಲೆ ಹೋಗುವುದಾದರೆ 65 ಪಟ್ಟಿಗಿಂತ ಜಾಸ್ತಿ ಇಲ್ಲ. ಅಷ್ಟೇ ಹೇಳಲು ಆಗಿದ್ದು. ಅಷ್ಟು ಅಗಲದ ಉತ್ತರವನ್ನು ನಾಚದೆ ಪ್ರಕಟಿಸಿದರಲ್ಲ, ಅದಕ್ಕೆ ನನ್ನ ನಮಸ್ಕಾರ.

ಆಮೇಲೆ ಬಲೆಯನ್ನು ನಿಲುವಾಗಿ ಕಟ್ಟಿದರು. ಹೆಸರು ಆಲ್ಫಾ-ಜಿ. ಮೇಲೊಂದು ಕೆಳಗೊಂದು ಅಯಸ್ಕಾಂತ ಸುರುಳಿ, ನಡುವೆ ಕಾಲು ಮೀಟರ್ ಅಂತರ. ಗಂಟೆಗಟ್ಟಲೆ ಸೇರಿಸಿ ಸೇರಿಸಿ ಸುಮಾರು 100 ಪರಮಾಣು ಕೂಡಿಹಾಕುತ್ತಾರೆ. ಆಮೇಲೆ ಎರಡೂ ಸುರುಳಿಗಳ ಬಲವನ್ನು 20 ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸುತ್ತಾರೆ. ಪರಮಾಣುಗಳು ಮೇಲಿನ ಬಾಗಿಲಿನಿಂದಲೋ ಕೆಳಗಿನ ಬಾಗಿಲಿನಿಂದಲೋ ಹೊರಬೀಳುತ್ತವೆ. ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಎಣಿಸುವುದು. ಕೇಳಲು ಇಷ್ಟೇ. ಆದರೆ ಆ ಕಾಲು ಮೀಟರಿನಲ್ಲಿ ಗುರುತ್ವ ಮಾಡುವ ವ್ಯತ್ಯಾಸ ಕಾಂತಕ್ಷೇತ್ರದ ಲೆಕ್ಕದಲ್ಲಿ ಅರ್ಧ ಮಿಲಿಟೆಸ್ಲಾಗೂ ಕಮ್ಮಿ. ಬಲೆಯ ಕ್ಷೇತ್ರವೋ ಟೆಸ್ಲಾ ಲೆಕ್ಕದ್ದು. ಮೇಲಿನ ಸುರುಳಿಗೂ ಕೆಳಗಿನದಕ್ಕೂ ಸಾವಿರಕ್ಕೆ ಒಂದು ಪಾಲು ಹೆಚ್ಚುಕಮ್ಮಿಯಾದರೂ ಗುರುತ್ವದ ಮಾತು ಕೇಳಿಸುವುದೇ ಇಲ್ಲ. ಆ ಕ್ಷೇತ್ರವನ್ನು ಮೂಲೆ ಮೂಲೆಯಲ್ಲೂ ಅಳೆದು ಖಾತ್ರಿ ಮಾಡಿಕೊಳ್ಳುವುದೇ ಅವರ ಮುಖ್ಯ ಕೆಲಸವಾಯಿತು.

ಅವರು ಇನ್ನೊಂದು ಜಾಣತನ ಮಾಡಿದರು. ಬೇಕೆಂದೇ ಒಂದು ಕಡೆಯ ಸುರುಳಿಯನ್ನು ಸ್ವಲ್ಪ ಬಿಗಿ ಮಾಡಿ, ಮೇಲಕ್ಕೋ ಕೆಳಕ್ಕೋ ತಳ್ಳಿ ನೋಡಿದರು. ಎರಡೂ ಬಾಗಿಲಿನಿಂದ ಸಮ ಸಮ ಬರಬೇಕಾದರೆ ಗುರುತ್ವಕ್ಕೆ ಎದುರಾಗಿ ಎಷ್ಟು ತಳ್ಳಬೇಕು ಎಂದು ಹುಡುಕಿದರು. ತಳ್ಳದೆ ಬಿಟ್ಟಾಗ ಹೆಚ್ಚಿನವು, ನೂರಕ್ಕೆ 80ರ ಆಸುಪಾಸು, ಕೆಳಗಿನಿಂದಲೇ ಹೊರಬಂದವು. ಲೆಕ್ಕವೆಲ್ಲ ಮುಗಿದ ಮೇಲೆ ಬಂದ ಅಂಕಿ, ಮಾಮೂಲಿ ಗುರುತ್ವ 1 ಅಂದರೆ ಇದು 0.75. ತಪ್ಪಿನ ಅಂದಾಜು ಎರಡು ಬಗೆಯದು. ಅಳತೆಯ ಕಡೆಯಿಂದ 0.13, ಕಂಪ್ಯೂಟರ್ ಮಾದರಿಯ ಕಡೆಯಿಂದ 0.16. ಎರಡನ್ನೂ ಸೇರಿಸಿ ನೋಡಿದರೆ 0.75ಕ್ಕೂ 1ಕ್ಕೂ ಜಗಳವಿಲ್ಲ. ಮೇಲೆ ಹೋಗುತ್ತದೆ ಎಂಬ ಮಾತಿಗೆ ಮಾತ್ರ ಜಾಗ ಉಳಿಯಲಿಲ್ಲ.

‘ಐನ್‌ಸ್ಟೈನ್ ಮತ್ತೊಮ್ಮೆ ಗೆದ್ದರು’ ಅಂತ ಬಹಳ ಕಡೆ ಬರೆದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವರು ಗೆಲ್ಲುತ್ತಾರೆ ಅಂತ ತಂಡದವರಿಗೂ ಅನ್ನಿಸಿತ್ತು. ಆದರೂ ಮೂವತ್ತು ನಲವತ್ತು ವರ್ಷದ ಕೌಶಲವನ್ನೆಲ್ಲ ಒಂದೆಡೆ ಸೇರಿಸಿ, ಮುಟ್ಟಿದರೆ ಅಳಿಯುವ ನೂರು ಪರಮಾಣುಗಳನ್ನು ಮುಟ್ಟದೆ ಕೂಡಿಟ್ಟು, ಎತ್ತ ಬೀಳುತ್ತವೆ ನೋಡೋಣ ಅಂದರು. ನಿಸರ್ಗವನ್ನು ಗೌರವಿಸುವುದು ಅಂದರೆ ನನ್ನ ಪಾಲಿಗೆ ಇದು. ಮತ್ತೊಂದು ಮಾತು. ಪ್ರತಿ ಅಳತೆಯೂ ‘ಅದೂ ಇದೂ ಒಂದೇ’ ಅಂದಷ್ಟೂ ಆ ಹಳೆಯ ಒಗಟು ಇನ್ನೂ ಬಿಗಿಯಾಗುತ್ತದೆ. ಬಣ್ಣ ಒಂದೇ, ಬೀಳುವುದೂ ಒಂದೇ ಕಡೆಗೆ ಅಂದರೆ ಆ ನೂರು ಕೋಟಿಗೊಂದು ಯಾಕೆ ಉಳಿಯಿತು? ಕೇಯಾನಿನಂಥ ಕಣಗಳಲ್ಲಿ ಕಂಡ ಭೇದ ಅದಕ್ಕೆ ಏನೇನೂ ಸಾಲದು.

ಹಾಗಾಗಿ 0.75ರ ಮೇಲೆ ಕೆಲಸ ನಿಂತಿಲ್ಲ. ಆಲ್ಫಾದವರು ಲೇಸರಿನಿಂದ ತಣಿಸಿದ ಪರಮಾಣುಗಳನ್ನು ನಿಲುವು ಬಲೆಗೆ ತಂದು ನೂರಕ್ಕೆ ಒಂದರ ನಿಖರತೆಗೆ ಹೋಗಲು ಹೊರಟಿದ್ದಾರೆ. ಏಜಿಸ್ ತಂಡದವರು ಆ್ಯಂಟಿಹೈಡ್ರೋಜನ್ನನ್ನು ಅಡ್ಡಡ್ಡ ಹಾರಿಸಿ, ದಾರಿಯಲ್ಲಿ ಎಷ್ಟು ಕುಸಿಯಿತು ಅಂತ ನೋಡಬೇಕು ಅಂದುಕೊಂಡಿದ್ದಾರೆ. ಜಿಬಾರ್ ತಂಡದವರ ದಾರಿ ನನಗೆ ಎಲ್ಲಕ್ಕಿಂತ ಚಂದ ಕಾಣುತ್ತದೆ. ಒಂದು ಆ್ಯಂಟಿಪ್ರೋಟಾನಿಗೆ ಒಂದರ ಬದಲು ಎರಡು ಪಾಸಿಟ್ರಾನ್ ಕೊಡುವುದು. ಆಗ ಅದು ಅಯಾನ್, ವಿದ್ಯುದಂಶ ಉಳಿದಿರುತ್ತದೆ, ಹಿಡಿಯಲು ಸುಲಭ. ತಣ್ಣನೆಯ ಬೆರಿಲಿಯಂ ಅಯಾನುಗಳ ನಡುವೆ ಅದನ್ನು ಕೂರಿಸಿದರೆ ಅದೂ ತಣಿದು ನಿಶ್ಚಲವಾಗುತ್ತದೆ. ಆಗ ಲೇಸರಿನಿಂದ ಹೆಚ್ಚುವರಿ ಪಾಸಿಟ್ರಾನನ್ನು ಕಿತ್ತುಹಾಕುವುದು. ಕಿತ್ತ ಕ್ಷಣದಿಂದ ಗಡಿಯಾರ ಶುರು, ಪರಮಾಣು ಸುಮಾರು 20 ಸೆಂಟಿಮೀಟರ್ ಬೀಳಲು ಎಷ್ಟು ಹೊತ್ತು ಬೇಕಾಯಿತು ಎಂದು ಎಣಿಸುವುದು. ನಮ್ಮ ಲ್ಯಾಬಿನಲ್ಲಿ ಮಕ್ಕಳು ಉಕ್ಕಿನ ಗುಂಡು ಬೀಳಿಸಿ ಜಿ ಕಂಡುಹಿಡಿಯುವ ಪ್ರಯೋಗವೇ ಇದು. ಸಮೀಕರಣವೂ ಅದೇ. ಪ್ರಶ್ನೆ ಕೇಳಿದ ಹುಡುಗಿಯ ಬ್ಯಾಚಿಗೆ ಮುಂದಿನ ವಾರ ಆ ಪ್ರಾಕ್ಟಿಕಲ್ ಇದೆ.